ಪಾಳಿ ಬದಲಾಗದ ಕಾವಲು

ಲಕ್ವಾ ಹೊಡೆದು ಹಾಸಿಗೆ ಹಿಡಿದವರ ಮನೆಗೆ ಮಾತಾಡಿಸಲು ಹೋದವರು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಆಡುವ ಮಾತು ಮಹಾಲಿಂಗಪುರದಲ್ಲೂ ಅದೇ, ಮುಧೋಳ, ಜಮಖಂಡಿಯಲ್ಲೂ ಅದೇ: "ಮುದುಕಿ ಗಟ್ಟಿ ಅದಾಳ, ಸೊಸಿನ ಸೊರಗ್ಯಾಳ ನೋಡ್ರಿ." ಹೇಳಿದವರು ಹೇಳಿ ಮರೆಯುತ್ತಾರೆ. ಆದರೆ ಈ ಮಾತಿನೊಳಗೆ ವೈದ್ಯವಿಜ್ಞಾನ ನಲವತ್ತು ವರ್ಷಗಳಿಂದ ಬೆನ್ನು ಹತ್ತಿದ ಒಂದು ಒಗಟಿದೆ.

ಸೊಸೆಗೆ ರೋಗವಿಲ್ಲ. ಪಾರ್ಶ್ವವಾಯುವಾಗಲಿ ಮರೆಗುಳಿ ಕಾಯಿಲೆಯಾಗಲಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅವಳು ಬಿಸಿಲಲ್ಲಿ ಕಬ್ಬು ಕಡಿಯಲು ಹೋಗುತ್ತಿಲ್ಲ, ಗಾಣದ ಮನೆಯ ಹೊಗೆ ಕುಡಿಯುತ್ತಿಲ್ಲ. ಮನೆಯಲ್ಲೇ ಇದ್ದಾಳೆ, ಮನೆಯವರು ಉಣ್ಣುವುದನ್ನೇ ಉಣ್ಣುತ್ತಾಳೆ. ಆದರೂ ಈಳಿಗೆ ತಾಗಿದ ಬೆರಳು ವಾರಗಟ್ಟಲೆ ಮಾಯುವುದಿಲ್ಲ, ನೆಗಡಿ ಬಂದರೆ ಹೋಗುವುದಿಲ್ಲ, ಅತ್ತೆಯ ಜೊತೆ ಆಸ್ಪತ್ರೆಗೆ ಹೋದಾಗ ಸುಮ್ಮನೆ ನೋಡಿಸಿಕೊಂಡರೆ ಬಿ.ಪಿ. ಏರಿರುತ್ತದೆ. ಊರವರು ಚಿಂತೆ ಎನ್ನುತ್ತಾರೆ, ವೈದ್ಯರು ದಣಿವು ಎನ್ನುತ್ತಾರೆ. ಒಬ್ಬರ ಕಾಯಿಲೆ ಇನ್ನೊಬ್ಬರ ಮೈಯೊಳಗೆ ಯಾವ ದಾರಿಯಿಂದ ಹೊಕ್ಕಿತು ಎಂಬುದನ್ನು ಎರಡು ಮಾತೂ ಹೇಳುವುದಿಲ್ಲ. ಆ ದಾರಿ ಗೊತ್ತಾದರೆ ನೆಂಟರು, ಗೆಳತಿಯರು, ಬಾಜೂ ಮನೆಯವರು ಅದಕ್ಕೆ ಅಡ್ಡ ನಿಲ್ಲುವುದು ಹೇಗೆ ಎಂಬುದೂ ಗೊತ್ತಾಗುತ್ತದೆ.

ಒಂದು ಪುಟ್ಟ ಗಾಯ

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಎಂಬ ಮನೋವಿಜ್ಞಾನಿ, ರೊನಾಲ್ಡ್ ಗ್ಲೇಸರ್ ಎಂಬ ರೋಗನಿರೋಧ ವಿಜ್ಞಾನಿ ಇದ್ದರು. ಗಂಡ ಹೆಂಡತಿ. ಈ ಜೋಡಿ ಮತ್ತು ಸಂಗಡಿಗರು 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಮರೆಗುಳಿ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನು ಒಂದು ಕಡೆ ಇಟ್ಟರು. ಅವರದೇ ವಯಸ್ಸು, ಅವರಷ್ಟೇ ವರಮಾನ, ಆದರೆ ಅಂಥ ಹೊಣೆ ಇಲ್ಲದ 13 ಮಂದಿಯನ್ನು ಇನ್ನೊಂದು ಕಡೆ. ಎಲ್ಲರ ಮುಂಗೈ ಮೇಲೂ ಮೂರೂವರೆ ಮಿಲಿಮೀಟರ್ ಅಗಲದ, ಅಂದರೆ ಒಂದು ಜೋಳದ ಕಾಳಿನಷ್ಟು, ಗಾಯವನ್ನು ಕ್ರಮಬದ್ಧವಾಗಿ ಮಾಡಿದರು. ಆಮೇಲೆ ಅದು ಮಾಯುವುದನ್ನೇ ಕಾಯುತ್ತ ಕೂತರು. ಆಗಾಗ ಫೋಟೋ ತೆಗೆದು ಗಾಯದ ಅಗಲ ಅಳೆದರು. ಅದರ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರು. ನೊರೆ ಬಂದರೆ ಗಾಯ ಇನ್ನೂ ಹಸಿಯಾಗಿದೆ, ನೊರೆ ನಿಂತರೆ ಮಾಯಿತು ಎಂಬ ಲೆಕ್ಕ.

ಹೊಣೆ ಇಲ್ಲದವರ ಗಾಯ ಸರಾಸರಿ 39.3 ದಿನಗಳಲ್ಲಿ ಮಾಯಿತು. ನೋಡಿಕೊಳ್ಳುವವರ ಗಾಯಕ್ಕೆ 48.7 ದಿನ ಹಿಡಿಯಿತು.

ಒಂಬತ್ತು ದಿನದ ಅಂತರ. ಅಷ್ಟೇ ಗಾಯ, ಅದೇ ವಯಸ್ಸು. ರಕ್ತ ಪರೀಕ್ಷಿಸಿದಾಗ ಒಂದು ಸುಳಿವು ಸಿಕ್ಕಿತು. ಗಾಯವಾದ ಜಾಗಕ್ಕೆ ರಿಪೇರಿ ಕೆಲಸದ ಕಣಗಳನ್ನು ಕರೆತರಲು ಬಿಳಿ ರಕ್ತಕಣಗಳು ಒಂದು ಕರೆ-ರಾಸಾಯನಿಕವನ್ನು ಹೊರಬಿಡಬೇಕು. ಇಂಟರ್‌ಲ್ಯೂಕಿನ್-1 ಎಂದು ಅದರ ಹೆಸರು. ನೋಡಿಕೊಳ್ಳುವವರ ಬಿಳಿ ಕಣಗಳನ್ನು ಪ್ರಯೋಗಾಲಯದಲ್ಲಿ ಕೆಣಕಿದಾಗ ಅದನ್ನು ತಯಾರಿಸುವ ಸೂಚನೆಯೇ ಕಡಿಮೆ ಹೊರಟಿತು. ಇದೇ ತಂಡ ಮರುವರ್ಷ ಫ್ಲೂ ಲಸಿಕೆ ಕೊಟ್ಟು ನೋಡಿದಾಗಲೂ ಅಷ್ಟೇ. ಹೆಂಡತಿಯನ್ನೋ ಗಂಡನನ್ನೋ ನೋಡಿಕೊಳ್ಳುತ್ತಿದ್ದವರಲ್ಲಿ ಲಸಿಕೆ ಹತ್ತಿದ್ದು ಕಡಿಮೆ.

ಹೀಗೆ ಸೊಸೆಯ ಬೆರಳು ಮಾಯದಿರುವುದಕ್ಕೆ ದೇಹದಲ್ಲೇ ಸಾಕ್ಷಿ ಸಿಕ್ಕಿತು. 2003ರಲ್ಲಿ ಬಂದ ಇವರ ಇನ್ನೊಂದು ವರದಿ ಮನಸ್ಸು ಕಲಕುವಂಥದ್ದು. ಆರು ವರ್ಷ ಹಿಂಬಾಲಿಸಿ ನೋಡಿದಾಗ, ಮುಪ್ಪಿನ ಹಲವು ಕಾಯಿಲೆಗಳಿಗೆ ದಾರಿ ಮಾಡುವ ಒಂದು ಉರಿಯೂತದ ರಾಸಾಯನಿಕ ನೋಡಿಕೊಳ್ಳುವವರ ರಕ್ತದಲ್ಲಿ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಏರಿತ್ತು. ನೋಡಿಕೊಳ್ಳುತ್ತಿದ್ದ ಸಂಗಾತಿ ತೀರಿಹೋಗಿ ವರ್ಷಗಳು ಕಳೆದ ಮೇಲೂ ಆ ಏರಿಕೆ ನಿಂತಿರಲಿಲ್ಲ.

ಹಾಗಾದರೆ ಸೇವೆಯೇ ಕೆಡುಕೇ?

ಇಲ್ಲಿಗೆ ನಿಲ್ಲಿಸಿದರೆ ಓದುಗರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಹೆತ್ತವರ ಸೇವೆ ಮಾಡಿದವರೆಲ್ಲ ಆಯುಷ್ಯ ಕಳೆದುಕೊಳ್ಳುತ್ತಾರೆಯೇ?

1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಎಂಬ ಸಂಶೋಧಕರು ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿದ ವರದಿ ಬಂತು. ಸಂಗಾತಿಯನ್ನು ನೋಡಿಕೊಳ್ಳುತ್ತ, ಅದರಿಂದ ಜರ್ಜರಿತರಾಗಿದ್ದೇವೆ ಎಂದವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಈ ಅಂಕಿ ಲೋಕವೆಲ್ಲ ಓಡಾಡಿತು. ಅದೇ ವರದಿಯ ಇನ್ನೊಂದು ಅಂಶವನ್ನು ಗಮನಿಸಿದವರು ಕಡಿಮೆ: ನೋಡಿಕೊಳ್ಳುತ್ತಿದ್ದೇವೆ, ಆದರೆ ಭಾರ ಎನಿಸಿಲ್ಲ ಎಂದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. 2013ರಲ್ಲಿ ಡೇವಿಡ್ ರಾತ್ ಮತ್ತು ಸಂಗಡಿಗರು ಮೂರೂವರೆ ಸಾವಿರ ಆರೈಕೆದಾರರನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿದಾಗಲಂತೂ ಆರೈಕೆದಾರರಲ್ಲಿ ಸಾವಿನ ಪ್ರಮಾಣ ಶೇ 18ರಷ್ಟು ಕಡಿಮೆಯೇ ಇತ್ತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ತನ್ನವರಿಗೆ ಉಣ್ಣಿಸುವುದು, ತೊಳೆಯುವುದು, ಪಕ್ಕದಲ್ಲಿ ಕೂರುವುದು ಮನುಷ್ಯರನ್ನು ಕೊಲ್ಲುವುದಿಲ್ಲ. ಕೆಲವರಿಗೆ ಅದು ಬಲವನ್ನೇ ಕೊಡುತ್ತದೆ. ಸವೆಸುವುದು ಬೇರೆ ಏನೋ ಇದೆ.

ಕೈ ಖಾಲಿ, ಕಿವಿ ಖಾಲಿ ಇಲ್ಲ

ಆ ಬೇರೆ ಏನೋ ಯಾವುದು ಎಂಬುದನ್ನು ಮಹಾಲಿಂಗಪುರ, ರಬಕವಿ, ಬನಹಟ್ಟಿಯವರಿಗೆ ವಿವರಿಸುವುದು ಬೇರೆ ಊರಿನವರಿಗಿಂತ ಸುಲಭ. ಇಲ್ಲಿ ಬೆಲ್ಲದ ಪೇಟೆ ಎಷ್ಟು ಹೆಸರುವಾಸಿಯೋ ಮಗ್ಗದ ಸದ್ದೂ ಅಷ್ಟೇ. ವಿದ್ಯುತ್ ಮಗ್ಗದ ಮುಂದೆ ನಿಂತವರನ್ನು ನೋಡಿ. ನೇಯುವುದು ಯಂತ್ರ. ಲಾಳಿ ತಾನೇ ಓಡುತ್ತದೆ, ಫಣಿ ತಾನೇ ಬಡಿಯುತ್ತದೆ. ಹಾಗಾದರೆ ಆ ಮನುಷ್ಯನ ಕೆಲಸವೇನು? ಕಾಯುವುದು. ಹಾಸಿನ ಒಂದು ಎಳೆ ಕಡಿದರೆ ಹಳೆಯ ಮಗ್ಗ ತಾನಾಗಿ ನಿಲ್ಲುವುದಿಲ್ಲ. ನೋಡದೆ ಬಿಟ್ಟರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕಂಡಿಕೆ ಯಾವಾಗ ಮುಗಿಯುತ್ತದೆ, ಎಳೆ ಯಾವಾಗ ಕಡಿಯುತ್ತದೆ ಹೇಳಲಾಗದು. ಕೈ ಖಾಲಿ ಇದ್ದರೂ ಕಣ್ಣು, ಕಿವಿ ಖಾಲಿ ಇಲ್ಲ. ಚಹಾ ಕುಡಿಯುವಾಗಲೂ ಕಿವಿ ಆ ಖಟ್ ಖಟ್ ಸದ್ದಿನಲ್ಲೇ ನೆಟ್ಟಿರುತ್ತದೆ. ಅದು ಸಡಿಲವಾಗುವುದು ಒಂದೇ ಹೊತ್ತಿನಲ್ಲಿ: ಮುಂದಿನ ಪಾಳಿಯವನು ಬಂದು ಮಗ್ಗದ ಮುಂದೆ ನಿಂತಾಗ.

ಈಗ ಇದೇ ಓಣಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಮನೆಯೊಂದನ್ನು ಎದುರಿಗಿಟ್ಟುಕೊಳ್ಳೋಣ. ಒಳಕೋಣೆಯಲ್ಲಿ ಬಲಗಡೆ ಸ್ವಾಧೀನವಿಲ್ಲದ ಅತ್ತೆ. ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತ ಕೂತ ಸೊಸೆ. ಅತ್ತೆಯ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಅಳೆದರೆ ನಾಲ್ಕೈದು ಗಂಟೆ ಬರಬಹುದು. ಗಂಡ, ಮೈದುನ, ನೆಂಟರು ಎಣಿಸುವುದು ಈ ಗಂಟೆಗಳನ್ನು. "ಉಳದ ಹೊತ್ತು ಆಕಿ ಖಾಲೀನ ಇರತಾಳಲ್ಲ" ಎನ್ನುವುದು ಇದೇ ಲೆಕ್ಕದಿಂದ. ಆದರೆ ಉಳಿದ ಹೊತ್ತಿನಲ್ಲಿ ಅವಳ ಕಿವಿ ಒಳಕೋಣೆಯಲ್ಲಿದೆ. ಕೆಮ್ಮು ಬಂತೆ, ಮಂಚ ಕಿರುಗುಟ್ಟಿತೆ, ಸದ್ದೇ ಇಲ್ಲವೇಕೆ? ರಾತ್ರಿ ಮಲಗಿದರೂ ಕಿವಿ ಮಲಗುವುದಿಲ್ಲ. ಮಗ್ಗದವನ ಪಾಳಿ ಮುಗಿಯುತ್ತದೆ. ಇವಳ ಪಾಳಿ ವರ್ಷವಾದರೂ ಮುಗಿದಿಲ್ಲ, ಯಾವಾಗ ಮುಗಿಯುತ್ತದೆ ಎಂದು ಹೇಳುವವರೂ ಇಲ್ಲ.

ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 134 ನಿಮಿಷ, ಗಂಡಸರು 76 ನಿಮಿಷ ಕೊಡುತ್ತಾರೆಂದು ಅದರಲ್ಲಿದೆ. ಮಕ್ಕಳ ಆರೈಕೆಯೂ ಇದರಲ್ಲಿ ಸೇರಿದೆ. ಹೆಣ್ಣು ಗಂಡಿನ ನಡುವಿನ ಈ ಅಂತರ ಅನ್ಯಾಯದ್ದೇ. ಆದರೆ ಕಿವಿ ಕಾದ ಹೊತ್ತನ್ನೂ ಸೇರಿಸಿದರೆ ಅಂತರ ಇನ್ನೆಷ್ಟು ದೊಡ್ಡದಾದೀತು ಎಂದು ಯಾರಾದರೂ ಊಹಿಸಬಹುದು.

ಎಚ್ಚರದ ರಸ

ಕಾಯುವುದು ದೇಹದೊಳಗೆ ಏನು ಮಾಡುತ್ತದೆ? ಅಪಾಯದ ನಿರೀಕ್ಷೆಯಲ್ಲಿರುವಾಗ ಮಿದುಳಿನ ತಳದಿಂದ ಒಂದು ಸಂದೇಶ ಹೊರಟು, ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳನ್ನು ತಲುಪುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿಯುವುದೇ ಕಾರ್ಟಿಸೋಲ್. ಇದನ್ನು ಎಚ್ಚರದ ರಸ ಎನ್ನೋಣ. ಇದು ಶತ್ರುವಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಅರ್ಧ ಗಂಟೆಯೊಳಗೆ ಇದು ಏರುವುದರಿಂದಲೇ ಎದ್ದು ಓಡಾಡುವ ಚೈತನ್ಯ ಬರುತ್ತದೆ. ದಿನ ಕಳೆದಂತೆ ಇಳಿಯುತ್ತ ಬಂದು ರಾತ್ರಿ ತೀರಾ ಕೆಳಗಿಳಿಯುತ್ತದೆ. ಆಗ ನಿದ್ದೆ, ಆಗಲೇ ಮೈಯ ರಿಪೇರಿ ಕೆಲಸ.

ಎಚ್ಚರದ ರಸಕ್ಕೆ ಒಂದು ಗುಣವಿದೆ. ಅದು ರಕ್ತದಲ್ಲಿ ಹೆಚ್ಚಿರುವಷ್ಟು ಹೊತ್ತು ರಿಪೇರಿಯನ್ನು ಮುಂದೂಡುತ್ತದೆ. ಹಾವು ಎದುರಿಗಿರುವಾಗ ಮಂಡಿಯ ತರಚುಗಾಯ ಮಾಯಿಸುವ ಆತುರ ದೇಹಕ್ಕಿಲ್ಲ. ಇದು ಸರಿಯಾದ ಏರ್ಪಾಡೇ. ಗಾಯದ ಜಾಗದಿಂದ ಹೊರಡಬೇಕಾದ ಕರೆ-ರಾಸಾಯನಿಕವನ್ನು ಅದು ತಡೆಹಿಡಿಯುತ್ತದೆ. ಓಹಾಯೊದ ಹೆಂಗಸರ ಬಿಳಿ ಕಣಗಳಲ್ಲಿ ಕಂಡದ್ದು ಇಂಥದೇ ಕುಗ್ಗು. ಹಾವು ಹೋದ ಮೇಲೆ ರಸ ಇಳಿಯುತ್ತದೆ, ರಿಪೇರಿ ಶುರುವಾಗುತ್ತದೆ. ಹಾವು ಹೋಯಿತೋ ಇಲ್ಲವೋ ತಿಳಿಯದೇ ಇದ್ದರೆ? ವರ್ಷಗಟ್ಟಲೆ ಹಾಗೇ ನಡೆದರೆ ಏರಿಳಿತದ ಲಯವೇ ಮಂಕಾಗುತ್ತದೆ. ಬೆಳಗಿನ ಏರಿಕೆ ಸಪ್ಪೆ, ರಾತ್ರಿಯ ಇಳಿತವೂ ಸಪ್ಪೆ. ಬೆಳಿಗ್ಗೆ ಎದ್ದರೆ ಮೈಯಲ್ಲಿ ಕಸುವಿಲ್ಲ, ರಾತ್ರಿ ಮಲಗಿದರೆ ನಿದ್ದೆಯಿಲ್ಲ ಎಂದು ಆರೈಕೆ ಮಾಡುವವರು ಹೇಳುವುದು ಸೋಮಾರಿತನದ ಮಾತಲ್ಲ. ಅಷ್ಟು ಹೊತ್ತಿಗೆ ದೇಹದ ಕಣಗಳೂ ಈ ರಸದ ಮಾತಿಗೆ ಕಿವುಡಾಗಿರುತ್ತವೆ. ಉರಿಯೂತವನ್ನು ಹದ್ದಿನಲ್ಲಿಡುವ ಅದರ ಇನ್ನೊಂದು ಕೆಲಸವೂ ಕೆಡುತ್ತದೆ.

ಇಲ್ಲಿ ಮುಖ್ಯವಾದ ಅಂಶ ಒಂದೇ. ಗ್ರಂಥಿಗೆ ಹೋಗುವ ಸಂದೇಶ ಎತ್ತಿದ ಕೊಡಗಳ ಲೆಕ್ಕದಿಂದ ಹೊರಡುವುದಿಲ್ಲ. ಮುಂದೇನಾಗುತ್ತದೋ ಗೊತ್ತಿಲ್ಲ, ನನ್ನ ಕೈಯಲ್ಲೇನೂ ಇಲ್ಲ ಎಂಬ ಮಿದುಳಿನ ಅಂದಾಜಿನಿಂದ ಹೊರಡುತ್ತದೆ.

ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರ ಹೊತ್ತಿಗೆ ಮಾಡಿ ಮುಗಿಸಿದ್ದ ಪ್ರಯೋಗಗಳು ಇದನ್ನು ಎತ್ತಿ ತೋರಿಸಿದವು. ಜನರನ್ನು ಕೋಣೆಯಲ್ಲಿ ಕೂರಿಸಿ, ಹೊತ್ತುಗೊತ್ತಿಲ್ಲದೆ ಕರ್ಕಶ ಸದ್ದು ಕೇಳಿಸಿದರು. ಕೆಲವರ ಮುಂದೆ ಒಂದು ಗುಂಡಿ ಇಟ್ಟು, "ತೀರಾ ತಡೆಯದಾದರೆ ಒತ್ತಿ, ಸದ್ದು ನಿಲ್ಲುತ್ತದೆ" ಎಂದರು. ಬಹುತೇಕರು ಒತ್ತಲೇ ಇಲ್ಲ. ಎಲ್ಲರೂ ಕೇಳಿದ್ದು ಅಷ್ಟೇ ಸದ್ದು. ಆಮೇಲೆ ಬಿಡಿಸಲು ಕೊಟ್ಟ ಒಗಟುಗಳಲ್ಲಿ ಗುಂಡಿ ಇದ್ದವರು ಹೆಚ್ಚು ತಾಳ್ಮೆಯಿಂದ, ಕಡಿಮೆ ತಪ್ಪಿನಿಂದ ಕೆಲಸ ಮಾಡಿದರು. ನಿಲ್ಲಿಸಲು ಸಾಧ್ಯ ಎಂಬ ಭರವಸೆಯೇ ಅವರ ಆಯಾಸವನ್ನು ಇಳಿಸಿತ್ತು.

ಹಣ್ಣು ಹಿಡಿದು ಬಂದವರು

ನಮ್ಮಲ್ಲಿ ಕಾಯಿಲೆಯವರನ್ನು ಮಾತಾಡಿಸಿ ಬರುವ ರೂಢಿ ಗಟ್ಟಿಯಾಗಿದೆ. ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ, ಎಳನೀರು. ರೂಢಿ ಒಳ್ಳೆಯದೇ. ಆದರೆ ಬಂದವರು ಏನು ಮಾಡುತ್ತಾರೆ? ಹಾಸಿಗೆಯಲ್ಲಿದ್ದವರಿಗೆ "ನನ್ನ ಗುರ್ತ ಸಿಕ್ತೇನ?" ಎಂದು ಪರೀಕ್ಷೆ ಇಡುತ್ತಾರೆ. ಸೊಸೆ ಮಾಡಿಕೊಟ್ಟ ಚಹಾ ಕುಡಿಯುತ್ತಾರೆ. "ಮೀರಜಕ್ಕ ಒಯ್ಯಬೇಕಾಗಿತ್ತು" ಎನ್ನುತ್ತಾರೆ ಒಬ್ಬರು, "ನಾಟಿ ಔಷಧ ಮಾಡ್ರಿ" ಎನ್ನುತ್ತಾರೆ ಇನ್ನೊಬ್ಬರು. ಬೆನ್ನ ಹುಣ್ಣು ಕಂಡರೆ "ಮಗ್ಗಲಾ ಬದಲಿಸಿಲ್ಲೇನ?" ಎಂಬ ಪ್ರಶ್ನೆ. ಹೊರಡುವಾಗ ಒಂದು ಮಾತು: "ಏನರ ಬೇಕಾದ್ರ ಹೇಳವ್ವಾ, ಸಂಕೋಚ ಮಾಡಬ್ಯಾಡ."

ಅವರು ಮನಸ್ಸಿಟ್ಟೇ ಹೇಳಿರುತ್ತಾರೆ. ಆದರೂ ಆ ಮಾತಿನಿಂದ ಸೊಸೆಗೆ ಹೊಸ ಕೆಲಸವೇ ಹುಟ್ಟುತ್ತದೆ. ಏನು ಬೇಕು ಎಂದು ಅವಳೇ ಯೋಚಿಸಬೇಕು, ಯಾರನ್ನು ಕೇಳಬಹುದು ಎಂದು ತೂಗಬೇಕು, ಬಾಯಿಬಿಟ್ಟು ಕೇಳಬೇಕು, ಇಲ್ಲವೆಂದರೆ ನುಂಗಿಕೊಳ್ಳಬೇಕು. ಗ್ಲಾಸ್ ಮತ್ತು ಸಿಂಗರ್ ಇಟ್ಟ ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆಂದು ಕೂತವರು ನಂಬಿದ್ದರು. "ಹೇಳವ್ವಾ" ಎಂಬ ಈ ಗುಂಡಿಯನ್ನು ಸೊಸೆ ನಂಬಿಲ್ಲ. ನಡುರಾತ್ರಿಯಲ್ಲೂ ಫೋನ್ ಎತ್ತಿ ಹತ್ತು ನಿಮಿಷದಲ್ಲಿ ಬಾಗಿಲಲ್ಲಿ ನಿಲ್ಲುವ ಒಬ್ಬರಿದ್ದರೆ, ಅದನ್ನು ಒಂದೆರಡು ಸಲ ಮಾಡಿಯೂ ತೋರಿಸಿದ್ದರೆ, ಆ ಒಬ್ಬರು ನಿಜವಾದ ಗುಂಡಿ.

ಬಂದುಹೋಗುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಆರೈಕೆದಾರರ ಹೊರೆಯನ್ನು ಅಳೆಯಲು ಇಂದು ಲೋಕದೆಲ್ಲೆಡೆ ಬಳಸುವ ಪ್ರಶ್ನಾವಳಿಯನ್ನು ರೂಪಿಸಿದ ಸ್ಟೀವನ್ ಜಾರಿಟ್, 1980ರಲ್ಲಿ ಮರೆಗುಳಿ ಕಾಯಿಲೆಯ 29 ಕುಟುಂಬಗಳನ್ನು ಅಧ್ಯಯನ ಮಾಡಿದರು. ರೋಗಿ ಹೆಚ್ಚು ಹಟ ಮಾಡಿದಷ್ಟು, ಹೆಚ್ಚು ಮರೆತಷ್ಟು ನೋಡಿಕೊಳ್ಳುವವರ ಹೊರೆ ಹೆಚ್ಚು ಎಂದು ಎಲ್ಲರೂ ಭಾವಿಸಿದ್ದರು. ಅಂಕಿಗಳು ಬೇರೆಯೇ ಹೇಳಿದವು. ಹೊರೆಗೂ ರೋಗಿಯ ನಡವಳಿಕೆಯ ತೊಂದರೆಗಳಿಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಒಂದಕ್ಕೆ: ಕುಟುಂಬದ ಉಳಿದವರು ಎಷ್ಟು ಸಲ ಬಂದುಹೋಗುತ್ತಾರೆ ಎಂಬುದಕ್ಕೆ. ಬರುವವರಿದ್ದ ಮನೆಯಲ್ಲಿ ಹೊರೆ ಹಗುರ. ಅಧ್ಯಯನ ಸಣ್ಣದು, ಆದರೆ ಅಲ್ಲಿಂದ ಮುಂದೆ ಸಂಶೋಧನೆಯ ದಿಕ್ಕೇ ಬದಲಾಯಿತು. ಎಲ್ಲರ ಕಣ್ಣೂ ರೋಗಿಯ ಮಂಚದಿಂದ ಸುತ್ತಲಿನ ಬಂಧುಗಳ ಕಡೆ ತಿರುಗಿತು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೇರಿ ಮಿಟೆಲ್‌ಮನ್ ಅದೇ ದಿಕ್ಕಿನಲ್ಲಿ ಬಹಳ ದೂರ ಹೋದರು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ 406 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆರು ಸಲ ಆಪ್ತಸಮಾಲೋಚನೆ ಕೊಟ್ಟರು. ಅದರಲ್ಲಿ ನಾಲ್ಕು ಸಲ ಕೂರಿಸಿಕೊಂಡದ್ದು ಇಡೀ ಕುಟುಂಬವನ್ನು. ಮಗ, ಮಗಳು, ತಂಗಿ ಏನು ಮಾಡಬಲ್ಲರು ಎಂಬ ಮಾತು ಅಲ್ಲೇ ಇತ್ಯರ್ಥವಾಯಿತು. ಯಾವಾಗ ಬೇಕಾದರೂ ಫೋನ್ ಮಾಡಬಹುದಾದ ಸಲಹೆಗಾರರೂ ಇದ್ದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಬೆಂಬಲ ಸಿಕ್ಕ ಮನೆಗಳು ರೋಗಿಯನ್ನು ಶುಶ್ರೂಷಾಲಯಕ್ಕೆ ಸೇರಿಸಬೇಕಾಗಿ ಬಂದದ್ದು ಉಳಿದವರಿಗಿಂತ 557 ದಿನ ತಡವಾಗಿ. ಔಷಧಿಯೊಂದು ಇಷ್ಟು ಮಾಡಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿತ್ತು. ಇಲ್ಲಿ ಬದಲಾದದ್ದು ನೋಡಿಕೊಳ್ಳುವವರ ಸುತ್ತಲಿನ ಜನರ ನಡವಳಿಕೆ, ಅವರಿಂದ ನೆರವು ಸಿಗುತ್ತಿದೆ ಎಂಬ ತೃಪ್ತಿ, ರೋಗಿಯ ವರ್ತನೆಯನ್ನು ತಾಳಿಕೊಳ್ಳುವ ಶಕ್ತಿ.

ನಾಳೆ ಹಗುರ ಎಂಬ ಸುದ್ದಿ

ಮಗ್ಗದವನ ಕಿವಿ ಸಡಿಲವಾಗುವುದು ಪಾಳಿಯವನು ಬಂದಾಗ ಎಂದೆವು. ಆದರೆ ಮನುಷ್ಯನ ಮಿದುಳು ಅದಕ್ಕೂ ಮೊದಲೇ ಸಡಿಲವಾಗಬಲ್ಲದು. ಜಾರಿಟ್ ಅವರ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಇದನ್ನು ಜೊಲ್ಲಿನಲ್ಲೇ ಹಿಡಿದು ತೋರಿಸಿತು. ಮರೆಗುಳಿ ಕಾಯಿಲೆಯವರನ್ನು ವಾರದಲ್ಲಿ ಕೆಲವು ದಿನ ಹಗಲು ಪಾಲನಾ ಕೇಂದ್ರಕ್ಕೆ ಕಳಿಸುತ್ತಿದ್ದ 158 ಆರೈಕೆದಾರರಿಂದ ಸತತ ಎಂಟು ದಿನ, ದಿನಕ್ಕೆ ಐದು ಸಲ ಜೊಲ್ಲಿನ ಮಾದರಿ ಪಡೆದು ಎಚ್ಚರದ ರಸವನ್ನು ಅಳೆದರು. ಕೇಂದ್ರಕ್ಕೆ ಕಳಿಸುವ ದಿನಗಳಲ್ಲಿ ರಸದ ಏರಿಳಿತ ಆರೋಗ್ಯವಂತರ ಲಯಕ್ಕೆ ಹತ್ತಿರ ಬಂದಿತ್ತು. ಸೋಜಿಗವೆಂದರೆ, ಆ ಬದಲಾವಣೆ ಬೆಳಿಗ್ಗೆ ಎದ್ದ ಕೂಡಲೇ ಏರುವ ರಸದಲ್ಲೂ ಕಂಡಿತು. ರೋಗಿ ಆಗಿನ್ನೂ ಮನೆಯಲ್ಲೇ ಇದ್ದರು, ಬಿಡುವು ಇನ್ನೂ ಸಿಕ್ಕಿರಲಿಲ್ಲ. ಇವತ್ತು ಸಿಗುತ್ತದೆ ಎಂಬುದು ಖಚಿತವಿತ್ತು, ಅಷ್ಟೇ.

ಮೊದಲು ಹೇಳಿದ ಒಗಟಿಗೆ ಉತ್ತರ ಇಲ್ಲಿದೆ. ಆರೈಕೆದಾರರನ್ನು ಸವೆಸುವುದು ಕೊನೆ ಕಾಣದ ಕಾವಲು. ಅದನ್ನು ಮುರಿಯುವುದು ದಿನ, ಹೊತ್ತು ಮೊದಲೇ ಗೊತ್ತಿರುವ ಬಿಡುವು. ಅನಿರೀಕ್ಷಿತವಾಗಿ ಸಿಕ್ಕ ಮೂರು ಗಂಟೆಗಿಂತ ಪ್ರತಿ ಗುರುವಾರ ಮಧ್ಯಾಹ್ನ ತಪ್ಪದೇ ಸಿಗುವ ಎರಡು ಗಂಟೆ ಮೇಲು. ಗುರುವಾರ ಇದೆ ಎಂಬುದು ಬುಧವಾರದ ರಾತ್ರಿಯನ್ನೂ ಸಹನೀಯ ಮಾಡುತ್ತದೆ.

ಕನ್ನಡ ನಾಡಿನಲ್ಲಿ ಇದಕ್ಕೆ ಉದಾಹರಣೆ ಇದೆ, ಅದು ದುರಂತವೊಂದರಿಂದ ಹುಟ್ಟಿದ್ದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ದಕ್ಷಿಣ ಕನ್ನಡದ ಊರುಗಳಲ್ಲಿ ಎದ್ದು ಕೂರಲಾರದ, ಮಾತು ಬಾರದ ಮಕ್ಕಳನ್ನು ತಾಯಂದಿರು ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡರು. ಹೋರಾಟಗಳ ನಂತರ ಕೊಕ್ಕಡ, ಕೊಯಿಲದಂಥ ಕಡೆ ಹಗಲು ಪಾಲನಾ ಕೇಂದ್ರಗಳು ಬಂದವು. ಗಡಿಯಾಚೆ ಕಾಸರಗೋಡಿನ ಪಂಚಾಯಿತಿಗಳಲ್ಲಿ ಬಡ್ಸ್ ಶಾಲೆಗಳು ಅದೇ ಕೆಲಸ ಮಾಡುತ್ತಿವೆ. ಮಗುವಿಗೆ ವ್ಯಾಯಾಮ, ಆಟ, ಊಟ ಸಿಗುವುದು ಒಂದು ಲಾಭ. ತಾಯಿಗೆ ಹಗಲು ಸಿಗುವುದು ಇನ್ನೊಂದು. ಎರಡನೆಯದು ಯಾವ ವರದಿಯಲ್ಲೂ ಮೊದಲ ಸಾಲಿನಲ್ಲಿ ಬರುವುದಿಲ್ಲ; ಬರಬೇಕಿತ್ತು.

ಕಟ್ಟಡ, ಅನುದಾನ ಇಲ್ಲದೆಯೂ ಇದು ಆಗುತ್ತದೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರುಮಾಡಿದ ನೋವು ಉಪಶಮನ ಸೇವೆ ಮುಂದೆ ಊರೂರಿನ ನೆರೆಹೊರೆ ಜಾಲವಾಗಿ ಬೆಳೆಯಿತು. ಅಲ್ಲಿ ಕಾರ್ಯಕರ್ತರಾಗಲು ಇಟ್ಟ ಷರತ್ತು ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡುವುದು, ಮೊದಲು 16 ಗಂಟೆಗಳ ತರಬೇತಿ ಪಡೆಯುವುದು. ಆಟೋ ಓಡಿಸುವವರು, ಅಂಗಡಿಯವರು, ಕಾಲೇಜು ಹುಡುಗರು ಹೀಗೆ ತರಬೇತಾದರು. ಕೇರಳ ಸರ್ಕಾರ 2008ರಲ್ಲಿ ಉಪಶಮನ ಆರೈಕೆ ನೀತಿಯನ್ನೇ ತಂದಿತು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಪೂರಾ ಸತ್ತಿಲ್ಲ. ಓಣಿಗಳಲ್ಲಿ ಸ್ತ್ರೀಶಕ್ತಿ ಗುಂಪುಗಳಿವೆ, ವಾರಕ್ಕೊಮ್ಮೆ ಸೇರುತ್ತವೆ. ಆ ಸಭೆಯಲ್ಲಿ ಸಾಲದ ಕಂತಿನ ಜೊತೆ ಈ ವಾರ ಯಾರ ಮನೆಯಲ್ಲಿ ಯಾರು ಕೂರಬೇಕು ಎಂಬುದನ್ನೂ ಬರೆದುಕೊಳ್ಳಲು ಹೊಸ ಕಾನೂನೇನೂ ಬೇಕಿಲ್ಲ.

ನಂಬಿ ಬಿಟ್ಟುಹೋಗುವಷ್ಟು

ಒಂದು ತೊಡಕಿದೆ. "ನೀ ಹೋಗಿ ಮಲ್ಕೊ, ಐದರ ತನಕ ನಾ ಕುಂದರ್ತೀನಿ" ಎಂದು ಗೆಳತಿ ಹೇಳಿದರೂ ಸೊಸೆ ಏಳುವುದಿಲ್ಲ. ಎದ್ದರೂ ಕಿವಿ ಒಳಕೋಣೆಯಲ್ಲೇ ಉಳಿಯುತ್ತದೆ. ಬಂದವರಿಗೆ ಕೆಲಸ ಬರುತ್ತದೆ ಎಂಬ ಭರವಸೆ ಹುಟ್ಟದೆ ಪಾಳಿ ಬದಲಾಗುವುದಿಲ್ಲ. ಆದ್ದರಿಂದ ನೆರವಾಗಬೇಕೆನ್ನುವವರು ಮೊದಲ ಒಂದೆರಡು ವಾರ ಅವಳ ಜೊತೆಗೇ ನಿಂತು ಕಲಿಯಬೇಕು.

ಮಗ್ಗಲು ಬದಲಿಸುವುದನ್ನೇ ನೋಡಿ. ಎರಡು ಗಂಟೆಗೊಮ್ಮೆ ಆಗಬೇಕಾದ ಕೆಲಸ. ಎಳೆದಾಡಿದರೆ ರೋಗಿಗೂ ನೋವು, ಎತ್ತುವವರ ಸೊಂಟಕ್ಕೂ ಪೆಟ್ಟು. ಯಾವ ಕಡೆ ಹೊರಳಿಸಬೇಕೋ ಆ ಕಡೆ ನಿಲ್ಲಬೇಕು. ಆಚೆಯ ಮೊಣಕಾಲನ್ನು ಮಡಿಸಬೇಕು, ಆಚೆಯ ಕೈಯನ್ನು ಎದೆಯ ಮೇಲೆ ತರಬೇಕು. ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇಟ್ಟು ನಿಧಾನ ತನ್ನತ್ತ ಹೊರಳಿಸಿದರೆ ಭಾರವೇ ಗೊತ್ತಾಗದಂತೆ ಮೈ ತಿರುಗುತ್ತದೆ. ಸ್ವಾಧೀನವಿಲ್ಲದ ಕೈಯನ್ನು ಮಾತ್ರ ಎಂದೂ ಹಿಡಿದೆಳೆಯಬಾರದು, ಭುಜದ ಕೀಲು ಸರಿಯುತ್ತದೆ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಡಿಸಿದ ಹಳೆಯ ಸೀರೆ. ತಿರುಗಿಸಿದಾಗ ಬೆನ್ನ ಕೊನೆಯ ಎಲುಬಿನ ಮೇಲೆ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಬೇಕು. ಒತ್ತಿದಾಗಲೂ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತಿಳಿಸಬೇಕು.

ಗಂಜಿ ಕುಡಿಸುವುದಕ್ಕೂ ರೀತಿ ಇದೆ. ಮಲಗಿಸಿ ಹಾಕಬಾರದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿರುವಂತೆ ನೋಡಿ, ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದ್ದನ್ನು ಕಂಡ ಮೇಲೆ ಮುಂದಿನದು. ಸ್ವಾಧೀನವಿಲ್ಲದ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿರುತ್ತದೆ, ತೆಗೆಯಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಇಷ್ಟು ಬಂದವರನ್ನು ಮನೆಯಲ್ಲಿ ಬಿಟ್ಟು ಸೊಸೆ ನಿಶ್ಚಿಂತೆಯಿಂದ ಮಹಾಲಿಂಗೇಶ್ವರನ ಗುಡಿಗೆ ಹೋಗಿಬರುತ್ತಾಳೆ, ತವರಿಗೂ ಹೋಗುತ್ತಾಳೆ. ಎಲ್ಲಿಗೂ ಹೋಗದೆ ಬಾಜೂ ಮನೆಯಲ್ಲಿ ಸುಮ್ಮನೆ ಮಲಗಿದರೂ ಸರಿ. ಆ ಎರಡು ಗಂಟೆಯಲ್ಲಿ ಏನು ಮಾಡಬೇಕು ಎಂದು ಹೇಳುವ ಹಕ್ಕು ಬೇರೆ ಯಾರಿಗೂ ಇಲ್ಲ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗನ ಪಾಳಿ ಬೇರೆ ಬಗೆಯದು. ಹಣ ಕಳಿಸಿದರೆ ಮುಗಿಯಲಿಲ್ಲ. ಔಷಧಿ ತರಿಸುವುದು, ಆಸ್ಪತ್ರೆಯ ದಿನ ಗೊತ್ತುಮಾಡುವುದು, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕುವುದು ಎಲ್ಲವೂ ಫೋನಿನಲ್ಲೇ ಆಗುವ ಕೆಲಸಗಳು, ಅವನ್ನು ಅವನೇ ವಹಿಸಿಕೊಳ್ಳಬಹುದು. ವಾರಕ್ಕೆ ಅರ್ಧ ದಿನ ನೋಡಿಕೊಳ್ಳುವ ಒಬ್ಬರಿಗೆ ಕೂಲಿ ಕಟ್ಟಬಹುದು. ವರ್ಷದಲ್ಲಿ ಒಂದು ವಾರ ರಜೆ ಹಾಕಿ ಬಂದು ತಾಯಿಯ ಮಂಚದ ಪಕ್ಕ ಮಲಗಬಹುದು. ಆ ವಾರದ ತಾರೀಖನ್ನು ಆರು ತಿಂಗಳು ಮೊದಲೇ ಹೇಳಬೇಕು, ಏಕೆಂದು ಮೇಲಿನ ಜೊಲ್ಲಿನ ಪ್ರಯೋಗ ಹೇಳಿದೆ. ಮತ್ತು ದಿನವೂ ಫೋನ್ ಮಾಡಿದಾಗ "ಅವ್ವ ಹೆಂಗದಾಳ?" ಎನ್ನುವ ಮೊದಲು "ನೀ ಹೆಂಗದೀ?" ಎಂದು ಕೇಳಬೇಕು.

ಸರ್ಕಾರದಿಂದ ಸಿಗುವುದು ಕಡಿಮೆ, ಆದರೆ ಏನೂ ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಕರ್ನಾಟಕದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಮೊತ್ತ ಸಣ್ಣದು, ಪಟ್ಟಿಯೂ ಚಿಕ್ಕದು. ನೋಡಿಕೊಳ್ಳುವವರೂ ಲೆಕ್ಕಕ್ಕೆ ಬಂದರು ಎಂಬುದು ದೊಡ್ಡದು. ಅರ್ಜಿ, ದಾಖಲೆ, ಓಡಾಟಗಳನ್ನು ಸೊಸೆಯ ತಲೆಗೆ ಕಟ್ಟದೆ ಓದುಬರಹ ಬಲ್ಲ ನೆಂಟರೊಬ್ಬರು ಮಾಡಿಮುಗಿಸುವುದೂ ಒಂದು ಪಾಳಿಯೇ.

ಅವಳು ಊಟ ಬಿಟ್ಟಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, "ನಾನರ ಸತ್ತ ಹೋಗಬಾರದs" ಎಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಸಂಬಂಧಿಸಿದ ನೆರವಿಗೆ 14567 ಇದೆ. ಕರೆ ಮಾಡುವಾಗ ಪಕ್ಕದಲ್ಲಿ ಕೂತಿರಿ.

ಇದನ್ನು ಓದುವಾಗ ನಿಮ್ಮ ಕಣ್ಣ ಮುಂದೆ ಯಾವುದೋ ಒಂದು ಮನೆ ಬಂದಿರುತ್ತದೆ. ಆ ಮನೆಗೆ ಇವತ್ತೇ ಫೋನ್ ಮಾಡಿ. ಏನು ಬೇಕು ಎಂದು ಕೇಳಬೇಡಿ. ಯಾವ ದಿನ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಹೇಳಿ, ಮುಂದಿನ ವಾರವೂ ಅದೇ ಹೊತ್ತಿಗೆ ಹೋಗಿ.